ಮೂರೂ ಕಾಲು ಚಿಲ್ಲರೆ

ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ
ಡಾಲ್ಟನ್ ಉನ್ರೂ ಕೇಳಿದ್ದು ನಾಲ್ಕೂವರೆ.
ಕ್ರೌನ್ ಪಿನಿಯನ್, ನಾಲ್ಕೂವರೆಯದು, ಇವತ್ತೇ ಬೇಕು.
ಇಪ್ಪತ್ತೆರಡರ ಹುಡುಗ. ಉಗುರಿನ ಸಂದಿಯ ಗ್ರೀಸು
ಇನ್ನೂ ಹೊಸದು, ಒಳಗಿಳಿದಿಲ್ಲ.

ಎಂಜಿನ್ ಯಾವುದು ಅಂದೆ.
ನಾನೂರ ಐವತ್ತನಾಲ್ಕು, ಅಂದ,
ಚೊಚ್ಚಲ ಮಗುವಿನ ತೂಕ ಹೇಳುವವನ ಹಾಗೆ.
ಹಿಂದಿನ ಆಕ್ಸಲ್?
ಕಾರಿನ ಜೊತೆ ಬಂದದ್ದೇ, ಹತ್ತು ಬೋಲ್ಟಿನದು.
ಗೇರ್ ಬಾಕ್ಸ್? ಅದೂ.
ಕ್ರಾಸ್? ಅವನು ಬೀದಿಯ ಕಡೆ ನೋಡಿದ.
ಗೋಧಿಯ ಲಾರಿಯೊಂದು ಹೋಗುತ್ತಿತ್ತು,
ಅದೂ ಏನೂ ಹೇಳಲಿಲ್ಲ.

ನಮ್ಮದು ಹಚಿನ್ಸನ್. ಕಾಲಡಿಗೆ ಆರುನೂರೈವತ್ತು ಅಡಿ ಇಳಿದರೆ
ಉಪ್ಪಿನ ಗಣಿ. ಕೆಳಗೆ ಉಪ್ಪು, ಮೇಲೆ ಗೋಧಿ,
ನಡುವೆ ಈ ಬಿಡಿಭಾಗದ ಅಂಗಡಿ.
ಉಪ್ಪು ತಿಂದವರು ನೀರು ಕುಡಿಯಲೇಬೇಕು.
ಕುಡಿದವರೆಲ್ಲ ನನ್ನ ಹಿಂದಿನ ಕಪಾಟಿನಲ್ಲಿದ್ದಾರೆ, ಬಾ.

ಹಲ್ಲುದುರಿದ ಪಿನಿಯನ್: ಲೈಲ್ ಕ್ಯಾಸ್ನರ್, ಹಾಕಿಸಿದ ಎರಡನೇ ಶನಿವಾರ.
ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿದ ಆಕ್ಸಲ್: ಪಾದ್ರಿಯ ಮಗ.
ಎರಡು ಹೋಳಾದ ಕ್ರಾಸ್, ದಾರ ಕಟ್ಟಿ ಚೀಟಿ:
ಆರ್ಡಿಸ್ ಶ್ರಾಗ್, ಎಂಬತ್ತೇಳು, ಜೂನ್.
ಇದು ನೀವಾ?
ನಾನೇ. ಶಾಫ್ಟು ಕಳಚಿಬಿದ್ದು ಟಾರು ರಸ್ತೆ ಉತ್ತಿತ್ತು.
ಬೀಜ ತರಲೇ, ಅಂದಿದ್ದ ನನ್ನಪ್ಪ. ನಗಲಿಲ್ಲ.

ನೋಡು ಮರಿ, ಸಣ್ಣ ಎಂಜಿನ್ ಗಿಡ್ಡ ಆಳು.
ಅಟ್ಟದ ಮೇಲಿನ ಡಬ್ಬಕ್ಕೆ ಸ್ಟೂಲು ಹತ್ತಬೇಕು,
ಅದಕ್ಕೆ ನಾಲ್ಕೂವರೆ.
ನಿನ್ನದಕ್ಕೆ ಅಟ್ಟವೇ ಎದೆಮಟ್ಟ.
ಸ್ಟೂಲು ಹತ್ತಿದರೆ ತಲೆ ಸೂರಿಗೆ.

ಬಿಲ್ಲಿನ ಬೆನ್ನಿಗೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದೆ:
ಟೈರು ಇಪ್ಪತ್ತೇಳು ಅಂಗುಲ, ವೇಗ ಅರವತ್ತೈದು ಮೈಲಿ,
ನಾಲ್ಕೂವರೆಗೆ ನಿಮಿಷಕ್ಕೆ ಮೂರು ಸಾವಿರದ ಏಳುನೂರರ ಹತ್ತಿರ ಸುತ್ತು.
ಎಲ್ಲಿಗೆ ಓಡಿಸುತ್ತೀ?
ವಿಚಿಟಾ.
ಐವತ್ತು ಮೈಲಿ. ಯಾರಿದ್ದಾರೆ ಅಲ್ಲಿ?
ಒಬ್ಬಳಿದ್ದಾಳೆ.
ಅವಳ ಬಾಗಿಲು ತಲುಪುವಷ್ಟರಲ್ಲಿ ಕಿವುಡ ನೀನು.
ಏನಂದರೂ ಹೂಂ ಅನ್ನುತ್ತೀ.
ಸಂಸಾರಕ್ಕೆ ಅದು ಒಳ್ಳೆಯದೂ ಇರಬಹುದು, ಆದರೆ ಪೆಟ್ರೋಲಿಗಲ್ಲ.

ಕೊಳ್ಳುವುದಿದ್ದರೆ ಕೊನೆಯಿಂದ ಕೊಳ್ಳುತ್ತಾ ಬಾ.
ಮೊದಲು ಟೈರು, ನೆಲವನ್ನು ಮುಟ್ಟುವುದು ಅದೊಂದೇ.
ಆಮೇಲೆ ಹನ್ನೆರಡು ಬೋಲ್ಟಿನ ಆಕ್ಸಲ್, ದಪ್ಪ ಕ್ರಾಸ್,
ಭಾರ ಹೊತ್ತು ಗೊತ್ತಿರುವ ಗೇರ್ ಬಾಕ್ಸ್.
ಎಂಜಿನ್ ಅಲ್ಲಿಯವರೆಗೆ ಶೆಡ್ಡಿನಲ್ಲಿ ಕೂತಿರಲಿ,
ಕಂಬಳಿ ಹೊದಿಸು, ಬೇಕಾದರೆ ದಿನಾ ಹೋಗಿ ಮಾತಾಡಿಸು.
ಅವಸರ ಅದಕ್ಕಿಲ್ಲ. ನಿನಗೆ.

ನಿಮ್ಮ ಕಾರಿಗೆ ಎಷ್ಟು, ಅಂದ.
ಮೂರೂ ಕಾಲು ಚಿಲ್ಲರೆ.
ಅಷ್ಟೇನಾ ಅನ್ನುವ ಮುಖ. ಬಾಯಲ್ಲಿ ಅನ್ನಲಿಲ್ಲ, ಮರ್ಯಾದಸ್ಥ.
ಅಂಗಡಿ ಮುಚ್ಚುವ ಹೊತ್ತೂ ಆಗಿತ್ತು. ಕೂರು, ಅಂದೆ.

ಕಂದು ಬಣ್ಣದ ಮಾಂಟೆ ಕಾರ್ಲೊ, ಬಾಗಿಲಿಗೆ ಎರಡು ಕಡೆ ತುಕ್ಕು,
ಹಿಂದಿನ ಸೀಟಿನಲ್ಲಿ ಒಂದು ಡಜನ್ ಮೊಟ್ಟೆ,
ಪಕ್ಕದ ಮನೆಯ ಬರ್ನೀಸ್‌ಗೆ ಮುಟ್ಟಿಸಬೇಕಾದದ್ದು.
ರೈಲು ಹಳಿಯ ಮೇಲೆ ಮೆಲ್ಲಗೆ ಹಾದು
ಧಾನ್ಯದ ಗೋಪುರಗಳ ನೆರಳು ಮುಗಿದಲ್ಲಿ
ಪೆಡಲು ಅರ್ಧ ಒತ್ತಿದೆ. ಅರ್ಧವೇ.

ಅದು ಕೂಗಲಿಲ್ಲ.
ಬೆನ್ನಿಗೆ ಅಂಗೈ ಇಟ್ಟು
ನಡೆ ಮುಂದೆ, ಅನ್ನುತ್ತಾರಲ್ಲ ಮನೆಯ ಹಿರಿಯರು, ಹಾಗೆ
ಇಬ್ಬರನ್ನೂ ನೂಕಿತು. ನೂಕುತ್ತಲೇ ಇತ್ತು.
ಡಾಲ್ಟನ್ನನ ಟೋಪಿ ಹಿಂದಕ್ಕೆ ಹಾರಿತು.
ಬೇಲಿಯ ಕಂಬಗಳು ಎಣಿಕೆಗೆ ಸಿಗದಾದವು,
ನಾನು ರೇಡಿಯೋದಲ್ಲಿ ಗೋಧಿಯ ಧಾರಣೆ ಕೇಳುತ್ತಿದ್ದೆ.

ಬಂದು ಡಬ್ಬಿ ಬಿಚ್ಚಿದೆವು. ಹನ್ನೊಂದು ಸರಿ.
ಒಂದಕ್ಕೆ ಕೂದಲೆಳೆಯ ಬಿರುಕು.
ಇದು ಮೊದಲೇ ಇದ್ದಿರಬೇಕು, ಅಂದ ಹುಡುಗ,
ಬಹಳ ಗಂಭೀರವಾಗಿ, ನನ್ನ ಪರವಾಗಿ.

ಚೀಟಿ ಬರೆಯಲು ಪೆನ್ಸಿಲ್ ಹುಡುಕಿದೆ.